ಆಟೋ ಪೇ ಸುರಕ್ಷಿತವೇ? ಮೆಸೇಜ್ ಓದುವ ಮನೆಗೆ ಮಾತ್ರ

ಸೊಲ್ಲಾಪುರದಿಂದ ಅಕ್ಕಲಕೋಟೆ ಮಾರ್ಗವಾಗಿ ಕಲಬುರಗಿ ಕಡೆ ಬರುವವರಿಗೆ ವಳಸಂಗದ ಟೋಲ್ ಗೇಟ್ ಗೊತ್ತಿರುತ್ತದೆ. ನಮ್ಮ ಕರಾವಳಿಯವರಿಗೆ ತಲಪಾಡಿ, ಹೆಜಮಾಡಿ ಹೇಗೋ, ಆ ಭಾಗದವರಿಗೆ ವಳಸಂಗ ಹಾಗೆ. ಗಾಡಿ ನಿಧಾನವಾಗುತ್ತದೆ, ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಯಂತ್ರ ಓದುತ್ತದೆ, ಗೇಟ್ ಎದ್ದಾಗ ದುಡ್ಡು ಹೋಗಿರುತ್ತದೆ. ಯಾರೂ ಕೇಳುವುದಿಲ್ಲ, ಒಟಿಪಿ ಬರುವುದಿಲ್ಲ. ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ಕಡಿಮೆಯಾದರೆ ಖಾತೆಯಿಂದ ತಾನಾಗಿಯೇ ತುಂಬಿಕೊಳ್ಳುವಂತೆ ಮಾಡಿಟ್ಟವರೂ ಬಹಳ ಜನ ಇದ್ದಾರೆ.

ಇದೇ ರೀತಿ ಈಗ ಕರೆಂಟ್ ಬಿಲ್, ಮೊಬೈಲ್, ಇಂಟರ್‌ನೆಟ್, ಇನ್ಶೂರೆನ್ಸ್, ಒಟಿಟಿ, ಮಕ್ಕಳ ಕಲಿಕೆಯ ಆ್ಯಪ್ ಎಲ್ಲವೂ ತಿಂಗಳು ತಿಂಗಳು ನಮ್ಮ ಕಾರ್ಡ್‌ನಿಂದ ಕಟ್ ಆಗುತ್ತಿವೆ. ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು, ಮುಂದೆ ನೆನಪಿಡುವ ತಲೆನೋವಿಲ್ಲ. ಆದರೆ ಕಾರ್ಡನ್ನು ಹೀಗೆ ಬಿಟ್ಟುಕೊಡುವುದು ಸೇಫಾ? ಡೆಬಿಟ್ ಕಾರ್ಡ್ ಒಳ್ಳೆಯದಾ, ಕ್ರೆಡಿಟ್ ಕಾರ್ಡ್ ಒಳ್ಳೆಯದಾ? ನಮ್ಮ ಸಮುದಾಯದಲ್ಲಿ ಈ ಪ್ರಶ್ನೆಗೆ ಬಡ್ಡಿಯ ವಿಚಾರವೂ ಸೇರಿಕೊಳ್ಳುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ರಿಸರ್ವ್ ಬ್ಯಾಂಕ್ 2019ರ ಆಗಸ್ಟ್ 21ರಂದು ಇ-ಮ್ಯಾಂಡೇಟ್ ನಿಯಮ ಹೊರಡಿಸಿತು. ಪದೇ ಪದೇ ಕಟ್ಟುವ ಬಿಲ್‌ಗಳಿಗೆ ಮೊದಲ ಸಲ ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಬೇಕು, ಆಮೇಲೆ ಒಂದು ಮಿತಿಯವರೆಗೆ ಬೇಡ ಎಂಬುದು ಅದರ ತಿರುಳು. ಆರಂಭದಲ್ಲಿ ಆ ಮಿತಿ 2,000 ರೂಪಾಯಿ ಇತ್ತು. 2021ರ ಜನವರಿಯಲ್ಲಿ 5,000, 2022ರ ಜೂನ್‌ನಲ್ಲಿ 15,000 ಆಯಿತು. 2023ರ ಡಿಸೆಂಬರ್‌ನಲ್ಲಿ ಮ್ಯೂಚುವಲ್ ಫಂಡ್, ಇನ್ಶೂರೆನ್ಸ್ ಕಂತು ಮತ್ತು ಕ್ರೆಡಿಟ್ ಕಾರ್ಡ್ ಬಿಲ್‌ಗೆ ಮಾತ್ರ 1 ಲಕ್ಷಕ್ಕೆ ಏರಿತು. 2021ರ ಅಕ್ಟೋಬರ್ 1ರಿಂದ ನಿಯಮ ಕಡ್ಡಾಯವಾದಾಗ ಎಷ್ಟೋ ಜನರ ಆಟೋ ಪಾವತಿ ಏಕಾಏಕಿ ನಿಂತುಹೋಗಿದ್ದು ನೆನಪಿರಬಹುದು. ಬ್ಯಾಂಕ್‌ಗಳು, ಕಂಪೆನಿಗಳು ಪೂರ್ತಿ ತಯಾರಾಗಿರಲಿಲ್ಲ.

ಈ ನಿಯಮದ ಜೀವಾಳ ಒಂದು ಸಣ್ಣ ಮೆಸೇಜ್. ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕ್ ಎಸ್‌ಎಂಎಸ್ ಅಥವಾ ಇ-ಮೇಲ್ ಕಳಿಸಬೇಕು. ಯಾರಿಗೆ ಹೋಗುತ್ತದೆ, ಎಷ್ಟು, ಯಾವಾಗ, ಯಾಕೆ ಎಂಬುದು ಅದರಲ್ಲಿರಬೇಕು. ಬೇಡ ಅನ್ನಿಸಿದರೆ ಆ ಒಂದು ಪಾವತಿಯನ್ನು ತಡೆಯಬಹುದು, ಇಡೀ ಒಪ್ಪಿಗೆಯನ್ನೇ ರದ್ದು ಮಾಡಬಹುದು. ಇದಕ್ಕೆ ಬ್ಯಾಂಕ್ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕರೆಂಟ್ ಬಿಲ್‌ನಂತೆ ಮೊತ್ತ ಹೆಚ್ಚು ಕಡಿಮೆ ಆಗುವ ಕಡೆ, ಇದಕ್ಕಿಂತ ಜಾಸ್ತಿ ಕಟ್ ಮಾಡಬಾರದು ಎಂಬ ಗರಿಷ್ಠ ಮಿತಿಯನ್ನು ನಾವೇ ಹಾಕಬಹುದು. ಫಾಸ್ಟ್ಯಾಗ್‌ನ ಆಟೋ ರೀಚಾರ್ಜ್‌ಗೆ ಮಾತ್ರ ಈ ಮುಂಗಡ ಮೆಸೇಜ್ ಬೇಕಾಗಿಲ್ಲ ಎಂದು 2024ರ ಆಗಸ್ಟ್‌ನಲ್ಲಿ ವಿನಾಯಿತಿ ಕೊಡಲಾಯಿತು. ಗಾಡಿ ಯಾವಾಗ ಟೋಲ್ ದಾಟುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲವಲ್ಲ.

ಅಂದರೆ ಬ್ರೇಕ್ ಇದೆ, ಅದು ಗ್ರಾಹಕನ ಕಾಲಡಿಯಲ್ಲೇ ಇದೆ. ಆದರೆ ಆ ಮೆಸೇಜ್ ಓದುವವರು ಯಾರು?

ಮತ್ತೆ ವಳಸಂಗದ ಕಡೆ ನೋಡಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬಹಳ. 1967ರಲ್ಲಿ ಮಹಾಜನ್ ಆಯೋಗ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು ಸುಮ್ಮನೆ ಅಲ್ಲ. ಗಡಿ ಸರಿಯಲಿಲ್ಲ, ಭಾಷೆಯೂ ಹೋಗಲಿಲ್ಲ. ಗಿರಾಕಿಗಳಿಗೆ ಕೊಡುವ ಮುದ್ರಿತ ಫಾರಂ, ಪುಸ್ತಿಕೆಗಳು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯಲ್ಲಿ ಸಿಗಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಹೇಳಿದೆ. ಅಲ್ಲಿ ಪ್ರಾದೇಶಿಕ ಭಾಷೆ ಎಂದರೆ ಮರಾಠಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮೊಬೈಲ್‌ಗೆ ಬರುವ ಬ್ಯಾಂಕ್ ಮೆಸೇಜ್ ಹೆಚ್ಚಾಗಿ ಇಂಗ್ಲಿಷ್.

ನಮ್ಮ ಕಥೆ ಬೇರೆಯೇನೂ ಅಲ್ಲ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಬ್ಯಾಂಕ್ ಮೆಸೇಜ್ ಇಂಗ್ಲಿಷ್. ಮಗ ದುಬೈಯಲ್ಲೋ ಜುಬೈಲ್‌ನಲ್ಲೋ ಇರುತ್ತಾನೆ, ಅವನು ಕಳಿಸಿದ ದುಡ್ಡು ಉಮ್ಮನ ಖಾತೆಯಲ್ಲಿರುತ್ತದೆ, ಎಟಿಎಂ ಕಾರ್ಡ್ ತಮ್ಮನ ಕೈಯಲ್ಲಿರುತ್ತದೆ. ಬ್ಯಾಂಕ್‌ನಲ್ಲಿ ಕೊಟ್ಟ ಮೊಬೈಲ್ ನಂಬರ್ ಯಾರದ್ದು ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಒಂದು ಕ್ಷಣ ಮೌನ. ಊರಿಗೆ ಬಂದಾಗ ಹಾಕಿ, ವಾಪಸ್ ಹೋಗುವಾಗ ತೆಗೆದಿಟ್ಟ ಸಿಮ್ ಅದು. 90 ದಿನ ಬಳಸದ ಸಿಮ್‌ನ ಸಂಪರ್ಕ ಕಡಿತವಾಗಬಹುದು. ಆಗ ಎಚ್ಚರಿಕೆಯ ಮೆಸೇಜ್ ಯಾರಿಗೂ ತಲುಪುವುದಿಲ್ಲ. ಆಮೇಲೆ ಅದೇ ನಂಬರ್ ಬೇರೊಬ್ಬರಿಗೆ ಹೋದರೆ ಒಟಿಪಿಯೂ ಅವರಿಗೇ ಹೋಗುತ್ತದೆ.

ಇದು ಬರೀ ಅನನುಕೂಲದ ಮಾತಲ್ಲ, ಹಣದ ಮಾತು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಎಲ್ಲರೂ ತಿಳಿದಿರಬೇಕು. ನಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ಖಾತೆಯಿಂದ ದುಡ್ಡು ಎಗರಿಸಿದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕ್‌ಗೆ ತಿಳಿಸಿದಲ್ಲಿ ನಮ್ಮ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ 10,000 ರೂಪಾಯಿವರೆಗೆ ನಾವು ಹೊರಬೇಕಾಗಬಹುದು. ಏಳು ದಿನ ದಾಟಿದರೆ ಆ ಬ್ಯಾಂಕಿನ ನೀತಿ ಏನು ಹೇಳುತ್ತದೋ ಅದು. ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳಲ್ಲಿ ದೂರು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕನದ್ದೇ ಎಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದ್ದೇ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಮೂರು ದಿನಗಳ ಲೆಕ್ಕ ಶುರುವಾಗುವುದು ನಾವು ಮೆಸೇಜ್ ಓದಿದ ದಿನದಿಂದ ಅಲ್ಲ, ಬ್ಯಾಂಕಿನ ಮೆಸೇಜ್ ಬಂದ ದಿನದಿಂದ. ಓದದೆ ಬಿಟ್ಟ ಮೆಸೇಜ್ ಕೂಡ ಗಡಿಯಾರವನ್ನು ಓಡಿಸುತ್ತಲೇ ಇರುತ್ತದೆ. ಭಾಷೆ ಬಾರದ್ದಕ್ಕೆ ಒಂದು ದಿನವೂ ರಿಯಾಯಿತಿ ಇಲ್ಲ.

ಇನ್ನೊಂದು ವ್ಯತ್ಯಾಸ ಬಹಳ ಜನರಿಗೆ ತಿಳಿದಿಲ್ಲ. ನಾವೇ ಒಪ್ಪಿಗೆ ಕೊಟ್ಟು ಮರೆತುಬಿಟ್ಟ ಚಂದಾ ಕಟ್ ಆದರೆ ಅದು ವಂಚನೆ ಅಲ್ಲ. ಮೊದಲ ತಿಂಗಳು ಉಚಿತ ಎಂದು ಕಾರ್ಡ್ ನಂಬರ್ ಹಾಕಿದೆವು, ಆ್ಯಪ್ ಡಿಲೀಟ್ ಮಾಡಿದೆವು, ಮುಗಿಯಿತು ಅಂದುಕೊಂಡೆವು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಈ ಹಣಕ್ಕೆ 2017ರ ಸುತ್ತೋಲೆಯ ರಕ್ಷಣೆ ಸಿಗುವುದೂ ಇಲ್ಲ. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಮಾಡುವ ಈ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿತ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆದರೂ ಮೊದಲ ಕಾವಲು ಆ 24 ಗಂಟೆ ಮುಂಚಿನ ಮೆಸೇಜೇ.

ಈಗ ಡೆಬಿಟ್, ಕ್ರೆಡಿಟ್ ಪ್ರಶ್ನೆ. ಬರೀ ಸುರಕ್ಷತೆ ನೋಡಿದರೆ ಕ್ರೆಡಿಟ್ ಕಾರ್ಡ್‌ಗೆ ಒಂದು ಅನುಕೂಲ ಇದೆ. ತಪ್ಪಾಗಿ ಕಟ್ ಆದದ್ದು ಬ್ಯಾಂಕಿನ ದುಡ್ಡು, ತಕರಾರು ಮುಗಿಯುವವರೆಗೆ ಮನೆ ಖರ್ಚಿಗೆ ತೊಂದರೆ ಇಲ್ಲ. ಡೆಬಿಟ್ ಕಾರ್ಡ್‌ನಲ್ಲಿ ಹೋಗುವುದು ನಮ್ಮದೇ ದುಡ್ಡು. ವಾಪಸ್ ಬರುವ ಹೊತ್ತಿಗೆ ಮಗುವಿನ ಫೀಸ್ ಕಟ್ಟುವ ದಿನ ದಾಟಿರಬಹುದು.

ಆದರೆ ಬಡ್ಡಿಯ ಭಯದಿಂದ ಕ್ರೆಡಿಟ್ ಕಾರ್ಡ್ ಬೇಡ ಎನ್ನುವವರು ನಮ್ಮಲ್ಲಿ ಬಹಳ, ಆ ಭಯಕ್ಕೆ ಆಧಾರವೂ ಇದೆ. ಗಡುವಿನೊಳಗೆ ಪೂರ್ತಿ ಕಟ್ಟುವುದಾದರೆ ಕಾರ್ಡ್ ಬಳಸಬಹುದೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ, ಅದನ್ನು ಅವರಲ್ಲೇ ಕೇಳಬೇಕು. ಇಲ್ಲಿ ಹೇಳಬೇಕಾದ್ದು ಒಂದು ಲೆಕ್ಕದ ವಿಚಾರ. ಕ್ರೆಡಿಟ್ ಕಾರ್ಡ್ ಬಿಲ್ಲನ್ನೂ ಆಟೋ ಪೇಗೆ ಹಾಕುವಾಗ ಎರಡು ಆಯ್ಕೆ ಕಾಣುತ್ತವೆ: ಪೂರ್ತಿ ಬಾಕಿ, ಅಥವಾ ಕನಿಷ್ಠ ಬಾಕಿ. ಕನಿಷ್ಠ ಬಾಕಿ ಒತ್ತಿಬಿಟ್ಟರೆ ಪ್ರತಿ ತಿಂಗಳು ಏನೋ ಕಟ್ ಆಗುತ್ತಿರುತ್ತದೆ, ನಾವು ನೆಮ್ಮದಿಯಲ್ಲಿರುತ್ತೇವೆ. ಉಳಿದ ಮೊತ್ತದ ಮೇಲೆ ಬಡ್ಡಿ ಏರುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಅನೇಕ ಕಾರ್ಡ್‌ಗಳಲ್ಲಿ ಈ ಬಡ್ಡಿ ತಿಂಗಳಿಗೆ ಶೇ. 3ಕ್ಕಿಂತ ಮೇಲೆ. ವರ್ಷಕ್ಕೆ ಶೇ. 30 ದಾಟಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಬಡ್ಡಿ ಬೇಡವೆಂದು ಜೀವನಪೂರ್ತಿ ಎಚ್ಚರದಿಂದಿದ್ದವನೂ ಒಂದು ತಪ್ಪು ಬಟನ್‌ನಿಂದ ಅದರೊಳಗೆ ಬೀಳಬಹುದು.

ಹಾಗಾದರೆ ಡೆಬಿಟ್ ಕಾರ್ಡನ್ನೇ ಸುರಕ್ಷಿತವಾಗಿ ಬಳಸುವುದು ಹೇಗೆ? ದಾರಿ ಸರಳ. ಸಂಬಳ, ಉಳಿತಾಯ, ಮದುವೆಗೆಂದು ಕೂಡಿಟ್ಟ ದುಡ್ಡು ಇರುವ ಖಾತೆಯ ಕಾರ್ಡನ್ನು ಯಾವ ಬಿಲ್‌ಗೂ ಕೊಡಬೇಡಿ. ಬಿಲ್‌ಗಳಿಗೆಂದೇ ಬೇರೆ ಒಂದು ಖಾತೆ ಇಟ್ಟು, ತಿಂಗಳ ಖರ್ಚಿನಷ್ಟೇ ಅದಕ್ಕೆ ಹಾಕಿ. ಆದರೆ ಅದರಲ್ಲಿ ದುಡ್ಡು ಸಾಲದೆ ಖಾತೆಗೆ ಜೋಡಿಸಿದ ಕಂತು ಬೌನ್ಸ್ ಆದರೆ ದಂಡ ಬೀಳುತ್ತದೆ, ಅದನ್ನೂ ನೋಡಿಕೊಳ್ಳಿ. ಕಾರ್ಡ್‌ನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ದಿನದ ಮಿತಿ ಇವನ್ನು ನಾವೇ ಆನ್, ಆಫ್ ಮಾಡುವ ಸೌಲಭ್ಯವನ್ನು ಬ್ಯಾಂಕ್‌ಗಳು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಆದೇಶಿಸಿದೆ. ವಿದೇಶಿ ಸೈಟ್‌ಗಳು ಒಟಿಪಿ ಕೇಳದೆಯೂ ದುಡ್ಡು ಎಳೆಯಬಲ್ಲವು, ಆದ್ದರಿಂದ ಬೇಡದಿದ್ದಾಗ ವಿದೇಶಿ ಬಳಕೆ ಆಫ್ ಇರಲಿ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ನಮ್ಮ ಕಾರ್ಡ್ ನಂಬರನ್ನೇ ಉಳಿಸಿಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಬಳಸಬೇಕು. ಯುಪಿಐ ಆಟೋ ಪೇ ಬಳಸುವವರು ತಮ್ಮ ಆ್ಯಪ್‌ನಲ್ಲೇ ಎಲ್ಲ ಒಪ್ಪಿಗೆಗಳನ್ನು ನೋಡಿ ರದ್ದು ಮಾಡಬಹುದು. ಭೀಮ್‌ನಂಥ ಆ್ಯಪ್‌ಗಳು ಕನ್ನಡದಲ್ಲೂ ಇವೆ.

ಬಿಲ್‌ಗಳ ಹೆಸರಲ್ಲೇ ನಡೆಯುವ ಮೋಸ ಇನ್ನೊಂದು. 2022ರಿಂದ ಈಚೆಗೆ ದೇಶದ ಉದ್ದಗಲಕ್ಕೂ ಒಂದು ಮೆಸೇಜ್ ಓಡಾಡಿತು: ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ ಕರೆಂಟ್ ಕಟ್. ಆ ಕಡೆ ಮಹಾವಿತರಣದ ಹೆಸರು, ಈ ಕಡೆ ನಮ್ಮ ಎಸ್ಕಾಂಗಳ ಹೆಸರು. ಕೊಟ್ಟ ನಂಬರ್‌ಗೆ ಫೋನ್ ಮಾಡಿದರೆ ಒಂದು ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುತ್ತಾರೆ. ಯಾವ ಬಿಲ್ ಯಾವ ತಾರೀಕಿಗೆ, ಯಾವ ಖಾತೆಯಿಂದ ಹೋಗುತ್ತದೆ ಎಂದು ಗೊತ್ತಿರುವ ಮನೆ ಇಂಥ ಮೆಸೇಜ್‌ಗೆ ಹೆದರುವುದಿಲ್ಲ. ಮೋಸವಾದರೆ ತಡ ಮಾಡದೆ ಬ್ಯಾಂಕ್‌ಗೆ ಮತ್ತು 1930ಕ್ಕೆ ಕರೆ ಮಾಡಬೇಕು. ಬ್ಯಾಂಕ್ 30 ದಿನಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್‌ನ ಓಂಬುಡ್ಸ್‌ಮನ್ ಬಾಗಿಲು ತೆರೆದಿದೆ, ಅದಕ್ಕೆ ಖರ್ಚಿಲ್ಲ.

ಸೂರಃ ಅಲ್ ಬಖರಾದ 282ನೇ ವಚನ ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು ಕಲಿಸುತ್ತದೆ. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: ಸಾಲಗಾರನಿಗೆ ಸ್ವತಃ ಹೇಳಿ ಬರೆಸಲು ಆಗದಿದ್ದರೆ ಅವನ ಪರವಾಗಿ ಹೊಣೆಗಾರನೊಬ್ಬ ನ್ಯಾಯವಾಗಿ ಬರೆಸಬೇಕು. ಕೈಲಾಗದವನನ್ನು ಅವನ ಪಾಡಿಗೆ ಬಿಡಬಾರದು ಎಂಬ ಈ ಪಾಠವನ್ನು ಓದು ಕಲಿತ ನಮ್ಮ ಯುವಕ ಯುವತಿಯರು ತಮಗೆ ಹೇಳಿದ್ದು ಎಂದೇ ತಿಳಿಯಬೇಕು. ತಿಂಗಳಿಗೊಮ್ಮೆ ಅರ್ಧ ಗಂಟೆ ಉಮ್ಮನ ಪಕ್ಕ ಕೂತು, ಬ್ಯಾಂಕ್ ಮೆಸೇಜ್‌ಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಬೇಡದ ಒಪ್ಪಿಗೆಗಳನ್ನು ತೆಗೆದುಹಾಕಿ. ಪಿನ್, ಒಟಿಪಿ ಅವರ ಬಳಿಯೇ ಇರಲಿ, ತಿಳುವಳಿಕೆ ಮಾತ್ರ ನಿಮ್ಮದಿರಲಿ. ಜಮಾಅತ್ ಕಮಿಟಿಗಳು ರೇಷನ್ ಕಾರ್ಡ್, ಸ್ಕಾಲರ್‌ಶಿಪ್ ಅರ್ಜಿಗೆ ಕೂರಿಸುವ ಹುಡುಗರಿಗೇ ಇದನ್ನೂ ಒಪ್ಪಿಸಬಹುದು.

ಆದರೆ ಮಕ್ಕಳ ಸೇವೆ ಬ್ಯಾಂಕಿನ ಹೊಣೆಗೆ ಬದಲಿ ಅಲ್ಲ. ಗ್ರಾಹಕನ ರಕ್ಷಣೆ ಒಂದು ಮೆಸೇಜ್ ಮೇಲೆ ನಿಂತಿದೆ ಎಂದ ಮೇಲೆ ಆ ಮೆಸೇಜ್ ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿ ಬರಬೇಕು. ಅದು ರಾಜ್ಯದ ಭಾಷೆಯೇ ಆಗಿರಬೇಕೆಂದಿಲ್ಲ, ಖಾತೆದಾರ ಆರಿಸಿಕೊಂಡ ಭಾಷೆಯಾಗಿರಬೇಕು. ಮಂಗಳೂರಿನಲ್ಲಿ ಕನ್ನಡ ಕೇಳುವುದು ಎಷ್ಟು ನ್ಯಾಯವೋ, ವಳಸಂಗದಲ್ಲಿ ಕೇಳುವುದೂ ಅಷ್ಟೇ ನ್ಯಾಯ. ಮುಂದಿನ ಸಲ ಬ್ಯಾಂಕ್‌ಗೆ ಹೋದಾಗ ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.