ದಂಡಿನ ಕಾಲ್ಚೆಂಡು ನಮ್ಮದಲ್ಲವೆ?

1937ರಲ್ಲಿ ಬೆಂಗಳೂರಿನ ಕಾಲ್ಚೆಂಡಿನ ತಂಡವೊಂದು ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದಿತು. 1891ರಲ್ಲಿ ಮೊದಲಾದ ಆ ಪಂದ್ಯಾವಳಿಯಲ್ಲಿ ಅಲ್ಲಿಯವರೆಗೆ ಗೋರಾ ಸೈನಿಕರ ತಂಡಗಳದೇ ರಾಜ್ಯಭಾರ. ಆ ಸಾಲನ್ನು ಮುರಿದ ಮೊತ್ತಮೊದಲನೆಯ ಭಾರತೀಯ ತಂಡ ನಮ್ಮ ನೆಲದ್ದು. ಅದರ ಹೆಸರು ಬೆಂಗಳೂರು ಮುಸ್ಲಿಮ್ಸ್. ಕನ್ನಡ ಓದಿದವರ ನಡುವೆ ಈ ಮಾತನ್ನು ಎತ್ತಿದರೆ ಸಾಮಾನ್ಯವಾಗಿ ‘ಹೌದೆ?’ ಎಂಬ ಒಂದು ಉದ್ಗಾರ ಬರುತ್ತದೆ. ಆಮೇಲೆ ಮಾತು ಬೇರೆ ಕಡೆಗೆ ತಿರುಗುತ್ತದೆ. ಆ ಉದ್ಗಾರ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಆ ವರ್ಷ ಅಂತಿಮ ಪಂದ್ಯದಲ್ಲಿ ಎದುರಾದವರು ಸಾಮಾನ್ಯರಲ್ಲ. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್, 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಅಲ್ಲಿನ ಲೀಗನ್ನು ಗೆದ್ದ ತಂಡ. ಅದನ್ನು ಬೆಂಗಳೂರಿನವರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ, 1938ರಲ್ಲಿ, ಎದುರಾದದ್ದು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ಸೈನಿಕ ಪಡೆ. ಎರಡಕ್ಕೆ ಮೂರು ಗೋಲುಗಳಿಂದ ಅದೂ ಸೋತಿತು. 1940ರಲ್ಲಿ ಮೊಹಮ್ಮಡನ್ನರು ಹಳೆಯ ಬಾಕಿಯನ್ನು ತೀರಿಸಿಕೊಂಡರು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನನ್ನು ಮಣಿಸಿ ಮೂರನೆಯ ಸಲ ಕಪ್ಪನ್ನು ತಂದಿತು. ಹನ್ನೊಂದು ವರ್ಷಗಳ ಅಂತರದಲ್ಲಿ ಮೂರು ಗೆಲವು, ಒಂದು ಸೋಲು. ನಡುವೆ ಒಂದು ಮಹಾಯುದ್ಧ, ಒಂದು ಸ್ವಾತಂತ್ರ್ಯ, ಒಂದು ದೇಶವಿಭಜನೆ.

ಇದರೊಡನೆ ಬಂಗಾಳದವರ ಒಂದು ನೆನಪನ್ನು ಇಟ್ಟು ನೋಡಬೇಕು. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ಪಡೆಯನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಬರಿಗಾಲಿನ ಬಂಗಾಳಿ ಬೂಟುಗಾಲಿನ ಬಿಳಿಯನನ್ನು ಗೆದ್ದ ಆ ಕಥೆ ಅಲ್ಲಿ ಮನೆಮನೆಯ ಪುರಾಣ. ಆ ದಿನವನ್ನು ಇಂದಿಗೂ ಹಬ್ಬದಂತೆ ಆಚರಿಸುತ್ತಾರೆ. 1989ರಲ್ಲಿ ಆ ಸಂಘಕ್ಕಾಗಿ ಅಂಚೆಚೀಟಿಯೂ ಹೊರಬಂದಿತು. ನಮ್ಮ 1938ರ ಗೆಲವೂ ಬಿಳಿಯರ ಸೈನ್ಯದ ಮೇಲಿನ ಗೆಲವೇ. ಆದರೂ ಅದು ಪುರಾಣವಾಗಲಿಲ್ಲ. ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯಿತು. ಏಕೆ?

ಮೊದಲನೆಯ ಕಾರಣ ಭೂಗೋಳದ್ದು ಎಂದು ನನಗೆ ತೋರುತ್ತದೆ. ಆ ಕಾಲದ ಬೆಂಗಳೂರು ಒಂದು ಊರಲ್ಲ, ಎರಡು. ಕಬ್ಬನ್ ಉದ್ಯಾನದ ಈಚೆ ಪೇಟೆ, ಆಚೆ ದಂಡು. 1809ರಲ್ಲಿ ಶ್ರೀರಂಗಪಟ್ಟಣದ ಹವೆ ಹಿಡಿಸದೆ ಬ್ರಿಟಿಷ್ ಸೈನ್ಯ ಬಂದು ನೆಲೆಯೂರಿದ ಜಾಗ ಅದು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಮರಳಲಿಲ್ಲ. ರೆಸಿಡೆಂಟರ ಆಡಳಿತದ ಕೆಳಗೆ ಉಳಿಯಿತು. ಆಟ ಬೆಳೆದದ್ದು ಅಲ್ಲಿ, ಸೈನಿಕರ ಮೈದಾನಗಳ ಅಂಚಿನಲ್ಲಿ. ಗೋರಾಗಳ ಆಟವನ್ನು ನೋಡುತ್ತ ನೋಡುತ್ತ ಬಡವರ ಮಕ್ಕಳು ಅದನ್ನು ಕಲಿತರು. ಮನೆಯಲ್ಲಿ ಅವರಾಡುತ್ತಿದ್ದುದು ಹೆಚ್ಚಾಗಿ ಉರ್ದು, ತಮಿಳು. 1937ರಲ್ಲಿ ಆ ತಂಡವು ಕಪ್ಪನ್ನು ಹೊತ್ತು ತಂದಾಗ ಕಾಗದದ ಮೇಲೆ ಅದು ಮಹಾರಾಜರ ಪ್ರಜೆಗಳ ಊರಿಗೆ ಬಂದುದೂ ಅಲ್ಲ! ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡು ಸೇರಿ ಒಂದೇ ಪೌರಸಭೆಯಾದದ್ದು 1949ರಲ್ಲಿ. ಆಡಳಿತದ ಗೆರೆ ಹೀಗೆ ಅಳಿಸಿಹೋಯಿತು. ನಮ್ಮ ಮನಸ್ಸಿನ ಗೆರೆ ಅಷ್ಟು ಬೇಗ ಅಳಿಸಲಿಲ್ಲ. ನವೋದಯದ ಕನ್ನಡ ಸಾಹಿತ್ಯದಲ್ಲಿ ಮಲೆನಾಡುಂಟು, ಮೈಸೂರಿನ ಅಗ್ರಹಾರವುಂಟು, ಧಾರವಾಡದ ಓಣಿಯುಂಟು. ದಂಡಿನ ಬೀದಿಯನ್ನು ನಾನು ಕಂಡದ್ದು ಬಹಳ ಕಡಮೆ.

ಎರಡನೆಯ ಕಾರಣ ಹೆಸರಿನದು. ಇದನ್ನು ಹೇಳಲು ಹಿಂಜರಿಯಬೇಕಾಗಿಲ್ಲ. ಮತದ ಹೆಸರನ್ನು ಹೊತ್ತ ಆಟದ ಸಂಘ ಇಂದಿನವರ ಕಿವಿಗೆ ಇರುಸುಮುರುಸು. ಆದರೆ ಆ ಕಾಲದ ಪದ್ಧತಿಯೇ ಅದು. ಮುಂಬಯಿಯ ಕ್ರಿಕೆಟ್ಟಿನ ಪಂಚತಂಡ ಪಂದ್ಯಾವಳಿಯಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯೂರೋಪಿಯನರು, ‘ಇತರರು’ ಎಂದೇ ತಂಡಗಳಿದ್ದುವು. ಗಾಂಧೀಜಿ ಅದನ್ನು ಒಪ್ಪಲಿಲ್ಲ. 1946ಕ್ಕೆ ಅದು ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಆದರೆ ಅಲ್ಲಿ ‘ಹಿಂದೂ’ ತಂಡಕ್ಕೆ ಆಡಿದವರನ್ನು ನಾವು ಭಾರತದ ಆಟಗಾರರೆಂದೇ ಎಣಿಸುತ್ತೇವೆ. ಅದೇ ಔದಾರ್ಯ ಬೆಂಗಳೂರು ಮುಸ್ಲಿಮ್ಸ್‌ಗೂ ಸಲ್ಲಬೇಕಷ್ಟೆ. ಆ ಹೆಸರಿನ ಮೊದಲ ಪದ ‘ಬೆಂಗಳೂರು’ ಎಂಬುದನ್ನು ಮರೆಯುವುದೇಕೆ? ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ 1948ರಲ್ಲಿ ಆ ಹೆಸರಿನ ತಂಡ ಮುಂಬಯಿಯ ಮೈದಾನದಲ್ಲಿ ನಿಂತು ಆಡಿ ಗೆದ್ದಿತೆಂಬುದನ್ನು ನೆನೆದರೆ ನನಗೆ ಆ ಮೂರು ಗೆಲವುಗಳಲ್ಲಿ ಅದೇ ದೊಡ್ಡದೆಂದು ತೋರುತ್ತದೆ.

ಆ ತಂಡದಲ್ಲಿ ಆಡಿದ ಅಹ್ಮದ್ ಖಾನ್ ಅದೇ ವರ್ಷ ಲಂಡನ್ನಿನ ಒಲಿಂಪಿಕ್ಸ್‌ನಲ್ಲಿಯೂ ಆಡಿದರು. ಫ್ರಾನ್ಸಿನ ಮೇಲೆ ಭಾರತ ಒಂದಕ್ಕೆ ಎರಡರಿಂದ ಸೋತ ಪಂದ್ಯ ಅದು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಭಾರತದ ಆ ಒಂದು ಗೋಲನ್ನು ಹೊಡೆದವರೂ ಬೆಂಗಳೂರಿನವರೇ, ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು! ಮುಂದೆ ಅಹ್ಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲನ್ನು ಸೇರಿದರು. ರಾಮನ್ ಮೋಹನ್ ಬಾಗಾನನ್ನು ಸೇರಿದರು. ಈಸ್ಟ್ ಬೆಂಗಾಲಿನ ಮುಂಚೂಣಿಯ ಐವರನ್ನು, ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್, ಸಾಲೇ ಇವರನ್ನು, ಬಂಗಾಳಿಗಳು ‘ಪಂಚಪಾಂಡವರು’ ಎಂದು ಕರೆದರು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಒಬ್ಬ ಖಾನನನ್ನೂ ಒಬ್ಬ ಸಾಲೇಯನ್ನೂ ಪಾಂಡವರಲ್ಲಿ ಸೇರಿಸಿಕೊಳ್ಳಲು ಆ ಜನಕ್ಕೆ ಏನೂ ಕಷ್ಟವಾಗಲಿಲ್ಲ. ಕುಮಾರವ್ಯಾಸನನ್ನು ಪಡೆದ ನಮಗೆ ಅಂಥದೊಂದು ಹೆಸರು ಹೊಳೆಯಲಿಲ್ಲ. ಅಹ್ಮದ್ ಖಾನರು 2017ರಲ್ಲಿ ತೀರಿಕೊಂಡರು, ಬೆಂಗಳೂರಿನಲ್ಲಿಯೇ.

ಚಿಕ್ಕ ಸಂಘದ ಪಾಡು ಎಲ್ಲಿಯೂ ಹೀಗೆಯೇ. ಒಳ್ಳೆಯ ಕಾಲುಗಳನ್ನು ದೊಡ್ಡ ಊರು ಎಳೆದುಕೊಳ್ಳುತ್ತದೆ. ಉಳಿದವರಿಗೆ ಸಂಬಳ ಕೊಡುವ ಧಣಿ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಆ ಧಣಿಗಳಾಗಿ ಬಂದವು ಕಾರ್ಖಾನೆಗಳು: ಎಚ್.ಎ.ಎಲ್., ಐ.ಟಿ.ಐ. ಮೊದಲಾದವು. ಚೆಂಡನ್ನು ಒದೆಯಬಲ್ಲವನಿಗೆ ಕಾಯಂ ನೌಕರಿ. ಆ ಕಾಲವೂ ಕಳೆಯಿತು, ಎಚ್.ಎ.ಎಲ್. ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. 2013ರಲ್ಲಿ ಉಕ್ಕಿನ ವ್ಯಾಪಾರದ ದೊಡ್ಡ ಮನೆತನವೊಂದು ಬೆಂಗಳೂರು ಎಫ್.ಸಿ.ಯನ್ನು ಕಟ್ಟಿತು. ಅದು ಮೊದಲ ವರ್ಷವೇ ದೇಶದ ಲೀಗನ್ನು ಗೆದ್ದಿತು. ಸಂತೋಷವೇ. ಆದರೆ ಅದರ ಉತ್ಸಾಹಿಗಳಲ್ಲಿ ಹಲವರು ಈ ಊರಿನ ಕಾಲ್ಚೆಂಡಿನ ಚರಿತ್ರೆ ಅಂದಿನಿಂದಲೇ ಶುರುವಾಯಿತೆಂಬಂತೆ ಮಾತನಾಡುವುದುಂಟು. ಅವರನ್ನು ದೂರುವುದು ತಪ್ಪು. ಯಾರೂ ಹೇಳದ ಕಥೆ ಅವರಿಗೆ ತಿಳಿಯುವುದು ಹೇಗೆ?

ಕಥೆಯ ಬಲ ಎಂಥದೆಂಬುದಕ್ಕೆ ದೂರದ ಒಂದು ನಿದರ್ಶನ ಕೊಡುತ್ತೇನೆ. ಮಧ್ಯ ಅಮೆರಿಕದ ಕೋಸ್ಟರೀಕಾದಲ್ಲಿ ಕಾರ್ತಾಗೊ ಎಂಬ ಊರು; ಅಲ್ಲಿ 1906ರಲ್ಲಿ ಹುಟ್ಟಿದ ಕಾರ್ತಾಖಿನೇಸ್ ಎಂಬ ಸಂಘ. 1940ರಲ್ಲಿ ಅದು ದೇಶದ ಪ್ರಶಸ್ತಿಯನ್ನು ಗೆದ್ದಿತು. ಮತ್ತೆ ಗೆದ್ದದ್ದು 2022ರಲ್ಲಿ, 80ಕ್ಕೂ ಹೆಚ್ಚು ವರ್ಷಗಳ ಮೇಲೆ. ಗೆದ್ದ ಮದದಲ್ಲಿ ಆಟಗಾರರು ಕುದುರೆಯೇರಿ ಇಗರ್ಜಿಯೊಳಗೆ ನುಗ್ಗಿದರೆಂದೂ ಪಾದ್ರಿ ಶಪಿಸಿದನೆಂದೂ ಊರಿನವರು ಹೇಳಿಕೊಂಡರು. ಮೈದಾನದ ಅಡಿಯಲ್ಲಿ ಮಾಟದ ಗೊಂಬೆ ಹೂತಿದೆಯೆಂದೂ ಹೇಳಿಕೊಂಡರು. ನಿಜವೋ ಸುಳ್ಳೋ, ಸೋಲುವ ತಂಡವನ್ನು ಮೂರು ತಲೆಮಾರು ಉಳಿಸಿದ್ದರಲ್ಲಿ ಆ ಕಥೆಗಳ ಪಾಲು ಸಣ್ಣದಲ್ಲ.

ನಮ್ಮಲ್ಲಿಯೂ ಒಂದು ಪುಟ್ಟ ಸಂಘ ಕಥೆಯಿಂದ ಅಮರವಾಗಿದೆ. ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಅದರಲ್ಲಿ ಹುಡುಗರು ಕಟ್ಟಿದ ಕ್ರಿಕೆಟ್ ಸಂಘವನ್ನು ಲೋಕವೆಲ್ಲ ಬಲ್ಲುದು. ಶಂಕರನಾಗರ ದೂರದರ್ಶನ ಧಾರಾವಾಹಿಯಿಂದ ಓದದವರೂ ಮಾಲ್ಗುಡಿಯನ್ನು ಬಲ್ಲರು. ಅದಾದ ಎರಡೇ ವರ್ಷಕ್ಕೆ, ಎಂಬತ್ತೇಳು ಮೈಲಿ ದೂರದಲ್ಲಿ, ನಿಜವಾದ ಹುಡುಗರ ನಿಜವಾದ ಸಂಘ ಮುಂಬಯಿಯನ್ನು ಗೆದ್ದಿತು. ಇಲ್ಲದ ಊರಿನ ಇಲ್ಲದ ತಂಡಕ್ಕೆ ದೊರೆತ ಭಾಗ್ಯ ಇದ್ದ ಊರಿನ ಇದ್ದ ತಂಡಕ್ಕೆ ದೊರೆಯಲಿಲ್ಲ.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು ಎರಡಕ್ಕೆ ಮೂರರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 54 ವರ್ಷಗಳ ಮೇಲೆ ಎಂದು ಪತ್ರಿಕೆಗಳು ಬರೆದುವು. ಅದಕ್ಕೆ ಹಿಂದೆ 1946-47, 1952-53, 1967-68, 1968-69 ಹೀಗೆ ನಾಲ್ಕು ಸಲ ಗೆದ್ದದ್ದು ‘ಮೈಸೂರು’ ಎಂಬ ಹೆಸರಿನಲ್ಲಿ. ನಾಲ್ಕೂ ಸಲ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಮೈಸೂರಿನ ಹೆಸರನ್ನು ಅಷ್ಟು ಎತ್ತರಕ್ಕೆ ಒಯ್ದವರಲ್ಲಿ ಬಹುಮಂದಿ ಮೈಸೂರಿನವರಲ್ಲ, ದಂಡಿನ ಬೀದಿಗಳವರು.

ಪ್ರತಿವರ್ಷ ನಮ್ಮ ಎಂ.ಎ. ವಿದ್ಯಾರ್ಥಿಗಳು ಸಂಪ್ರಬಂಧಕ್ಕೆ ವಿಷಯವನ್ನು ಕೇಳಿಕೊಂಡು ಬರುತ್ತಾರೆ. ಊರಹಬ್ಬ, ಜಾತ್ರೆ, ಸ್ಥಳನಾಮ ಎಂದು ನಾವು ಕೊಡುತ್ತ ಬಂದಿದ್ದೇವೆ. ಒಬ್ಬರಿಗಾದರೂ ಈ ಸಂಘದ ಕಥೆಯನ್ನು ಕೊಡಬೇಕು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನುಗಳ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಹಳೆಯ ಗುಂಪುಚಿತ್ರಗಳು ಇದ್ದೇ ಇರುತ್ತವೆ. ಅವುಗಳಲ್ಲಿ ನಿಂತವರ ಹೆಸರನ್ನು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಹೋಗುವ ವಿದ್ಯಾರ್ಥಿಗೆ ಉರ್ದು, ತಮಿಳು ಎರಡೂ ಬರಬೇಕು. ಅಂಥವರು ನಮ್ಮ ಕನ್ನಡ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಹಿಂದಿನ ಬೆಂಚಿನಲ್ಲಿ, ಯಾರಾದರೂ ಕೇಳಲೆಂದು.