ರೇಡಿಯೋದಲ್ಲಿ ದುಡಿದವರ ಮಾತು ರೆಕಾರ್ಡ್ ಆಗಲಿ



ನಮ್ಮ ಕೂಟದ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ರೇಡಿಯೋದ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಬೆಳಗಿನ ಆ ಮುನ್ನಾದನಿ, ಚಿಂತನ, ಪ್ರದೇಶ ಸಮಾಚಾರ, ರಾತ್ರಿಯ ನಾಟಕ... ರೇಡಿಯೋ ಕೇಳಿದವರ ನೆನಪುಗಳಿಗೆ ನಮ್ಮಲ್ಲಿ ಬರವಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಕೇಳಿಸಿದವರ ಬಗ್ಗೆ. ಸಣ್ಣ ಊರಿನ ಬಾನುಲಿ ಕೇಂದ್ರಗಳಲ್ಲಿ ದುಡಿದು ಈಗ ಮನೆಯಲ್ಲಿರುವ ಉದ್ಘೋಷಕರು, ಕೃಷಿ ವಿಭಾಗದವರು, ತಂತ್ರಜ್ಞರು. ಇವರು ಯಾರದೋ ಮನೆಯವರಲ್ಲ, ನಮ್ಮ ನಿಮ್ಮ ಅತ್ತೆ, ಮಾವ, ಚಿಕ್ಕಪ್ಪಂದಿರೇ. ಅವರ ಮಾತನ್ನು ಕೇಳಿ "ಎಂಥಾ ಕಾಲ!" ಎಂದು ತಲೆದೂಗಿದರೆ ಸಾಲದು, ಈಗಲೇ ರೆಕಾರ್ಡ್ ಮಾಡಿಡಬೇಕು ಎಂಬುದು ನನ್ನ ವಾದ.

ಕನ್ನಡನಾಡಿನಲ್ಲಿ ರೇಡಿಯೋ ಶುರುವಾದದ್ದೇ ಸಣ್ಣದಾಗಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ 30 ವ್ಯಾಟ್, ಒಂದು ಸಾಧಾರಣ ಬಲ್ಬಿನಷ್ಟು! ಆ ಪುಟ್ಟ ಕೇಂದ್ರದ ಹೆಸರು 'ಆಕಾಶವಾಣಿ'. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಮುಂದೆ 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು, 1990ರ ದಶಕದ ಹೊತ್ತಿಗೆ ಹಾಸನ, ಚಿತ್ರದುರ್ಗ, ಮಡಿಕೇರಿಗಳಂಥ ಕಡೆ ಎಫ್ಎಂ ಕೇಂದ್ರಗಳು ಬಂದವು. ಮಂಗಳೂರಿನಿಂದ ತುಳು, ಕೊಂಕಣಿ, ಮಡಿಕೇರಿಯಿಂದ ಕೊಡವ, ಅರೆಭಾಷೆ ಕೇಳಿಸಿದವು. ತಮ್ಮ ಮನೆಮಾತು ಪೆಟ್ಟಿಗೆಯಿಂದ ಬಂದಾಗ ಜನರಿಗೆ ಆದ ಖುಷಿ ಎಷ್ಟೆಂದು ಪರದೇಶದಲ್ಲಿರುವ ನಮಗೆ ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಪ್ರಸಾರ ಆದದ್ದು ಎಲ್ಲಿ ಹೋಯಿತು? ದೊಡ್ಡ ಸಂಗೀತಗಾರರ ಕಛೇರಿಗಳು ಸಂಗ್ರಹಾಲಯ ಸೇರಿದವು, ಕೆಲವು ಸಿ.ಡಿ.ಗಳಾಗಿಯೂ ಬಂದವು. ದಿನನಿತ್ಯದ ಮಾತಿಗೆ ಆ ಭಾಗ್ಯ ಸಿಗಲಿಲ್ಲ. ಕಾರಣ ಸರಳ. ಸ್ಪೂಲ್ ಟೇಪ್ ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿದ್ದ ಕಾಲ ಅದು. ಲೆಕ್ಕ ಹಾಕಿ ನೋಡಿ, ಹದಿನೈದು ನಿಮಿಷದ ಒಂದು ಭಾಷಣಕ್ಕೆ ಸುಮಾರು 170 ಮೀಟರ್ ಟೇಪ್ ಬೇಕು. ದುಬಾರಿ ವಸ್ತು. ಹಾಗಾಗಿ ಪ್ರಸಾರ ಮುಗಿದ ಮೇಲೆ ಅದನ್ನು ಅಳಿಸಿ, ಅದೇ ಸ್ಪೂಲಿನ ಮೇಲೆ ಮುಂದಿನ ಕಾರ್ಯಕ್ರಮ ಮುದ್ರಿಸುವುದು ರೂಢಿಯಾಗಿತ್ತು. ನೇರವಾಗಿ ಮೈಕಿನ ಮುಂದೆ ಆಡಿದ್ದಂತೂ ಗಾಳಿಗೇ ಹೋಯಿತು. ಉಳಿದಿರುವುದು ಆ ಕೆಲಸ ಮಾಡಿದವರ ತಲೆಯಲ್ಲಿ ಮಾತ್ರ. ಸಾಫ್ಟ್‌ವೇರಿನವನ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಇಲ್ಲದ ಒಂದೇ ಒಂದು ಪ್ರತಿ.

ಆ ತಲೆಗಳಲ್ಲಿ ಏನಿದೆ ಎನ್ನುವುದಕ್ಕೆ ಒಂದು ಉದಾಹರಣೆ. ನನ್ನ ಸೋದರತ್ತೆಯೊಬ್ಬರು ಒಂದು ಸಣ್ಣ ಕೇಂದ್ರದಲ್ಲಿ ವರ್ಷಗಟ್ಟಲೆ ಉದ್ಘೋಷಕಿಯಾಗಿದ್ದರು. ಹೋದ ಸಲ ಊರಿಗೆ ಹೋದಾಗ ಅವರ ಮನೆಗೆ ಹಳೆಯ ಸಹೋದ್ಯೋಗಿಗಳು ಇಬ್ಬರು ಬಂದಿದ್ದರು. ಕಾಫಿ ಲೋಟ ಕೆಳಗಿಡುವ ಮೊದಲೇ ಮಾತು ಸ್ಟುಡಿಯೋದೊಳಗೆ ಹೊಕ್ಕಿತು. ಗ್ರಾಮಫೋನ್ ತಟ್ಟೆಯಲ್ಲಿ ಹಾಡು ಶುರುವಾಗುವ ಜಾಗಕ್ಕೆ ಮುಳ್ಳಿಟ್ಟು, ಬೆರಳಿನಿಂದ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿದುಕೊಳ್ಳುವುದು ಹೇಗೆ, ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಒಂದು ಕೆಮ್ಮನ್ನು ತೆಗೆದುಹಾಕುವುದು ಹೇಗೆ, ಗಣ್ಯರು ತೀರಿಕೊಂಡ ಸುದ್ದಿ ಬಂದ ಕೂಡಲೇ ಚಿತ್ರಗೀತೆ ನಿಲ್ಲಿಸಿ ವಾದ್ಯಸಂಗೀತ ಹಾಕಲು ಕಪಾಟಿಗೆ ಓಡಿದ್ದು ಹೇಗೆ ಎಂದೆಲ್ಲ ಹೇಳಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕೃಷಿ ವಿಭಾಗದಲ್ಲಿದ್ದವರು ಹೇಳಿದ ಸಂಗತಿ. ಇಲಾಖೆಯಿಂದ ಬರುವ ಪ್ರಕಟಣೆಯಲ್ಲಿ ಭತ್ತದ ರೋಗಕ್ಕೆ 'ಬ್ಲಾಸ್ಟ್' ಎಂದಿರುತ್ತಿತ್ತಂತೆ. ರೈತರಿಗೆ ಅದು ಬೆಂಕಿರೋಗ. ಅಡಿಕೆಗೆ ಬರುವುದನ್ನು ಒಂದು ಕಡೆಯವರು ಕೊಳೆರೋಗ ಎಂದರೆ ಇನ್ನೊಂದು ಕಡೆಯವರು ಮಹಾಳಿ ಎನ್ನುತ್ತಾರೆ. ಮಳೆ ಬಿಡುವು ಕೊಟ್ಟಾಗ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ಹೇಳಬೇಕಾದ ದಿನ ತಪ್ಪು ಹೆಸರು ಹೇಳಿದರೆ, ಕೇಳುವವನು ಅದು ತನ್ನ ತೋಟದ ಮಾತಲ್ಲ ಎಂದುಕೊಂಡು ಸುಮ್ಮನಾಗಿಬಿಡುತ್ತಾನೆ. ಅದಕ್ಕೇ ಅವರು ಹಳ್ಳಿಗೆ ಹೋದಾಗಲೆಲ್ಲ ಯಾವ ಸೀಮೆಯಲ್ಲಿ ಯಾವ ಹೆಸರು ಎಂದು ಕಿಸೆಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಆ ಪುಸ್ತಕ ಎಲ್ಲಿದೆ ಎಂದು ಕೇಳಿದೆ. ಮನೆ ಬದಲಾಯಿಸುವಾಗ ಹಳೆಯ ಪೇಪರಿನ ಜೊತೆ ಹೋಯಿತು ಎಂದರು.

ಇದನ್ನು ಬರಿಯ ಹಳವಂಡ ಎಂದು ತಳ್ಳಿಹಾಕಲಾದೀತೇ? ನಮ್ಮ ಮಕ್ಕಳು ಇಲ್ಲಿ ಕೇಳುವ ಕನ್ನಡ ಹೆಚ್ಚಾಗಿ ಸಿನಿಮಾ, ಟಿ.ವಿ.ಯದು. ಜಿಲ್ಲೆಯ ಮಾತನ್ನು ಜಿಲ್ಲೆಗೇ ಅರ್ಥವಾಗುವಂತೆ, ಆದರೆ ಪಕ್ಕದ ಜಿಲ್ಲೆಯವರೂ ನಗದಂತೆ ಮೈಕಿನ ಮುಂದೆ ಆಡುವುದು ಒಂದು ವಿದ್ಯೆ. ಅದನ್ನು ಕಲಿತು ಬಳಸಿದವರು ಇವರು.

ಹಾಗೆಂದು ಆ ಕಾಲವನ್ನು ಅಟ್ಟಕ್ಕೇರಿಸುವುದೂ ಬೇಡ. ಹಳಬರು ಸೇರಿದಾಗ ಎಲ್ಲವೂ ಚಿನ್ನವಾಗಿಬಿಡುತ್ತದೆ. ರೇಡಿಯೋ ಸರ್ಕಾರದ ನೇರ ಹಿಡಿತದಲ್ಲಿತ್ತು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಅದು ಹೇಗೆ ನಡೆದುಕೊಂಡಿತೆಂದು ಎಲ್ಲರಿಗೂ ಗೊತ್ತು. ಪ್ರಸಾರ ಭಾರತಿ ಕೈಗೆ ಅದು ಹೋದದ್ದು 1997ರಲ್ಲಿ. ನಮಗೆ ಪ್ರಿಯವಾಗಿದ್ದ ಎಷ್ಟೋ ದನಿಗಳು ಕಾಯಂ ನೌಕರರವೂ ಅಲ್ಲ. ಪಾಳಿಗಿಷ್ಟು ಎಂದು ಪಡೆದು, ತಿಂಗಳಿಗೆ ಕೆಲವೇ ಪಾಳಿ ಮಾಡಿದ ಕ್ಯಾಷುಯಲ್ ಉದ್ಘೋಷಕರವು. ಅವರಿಗೆ ಪಿಂಚಣಿ ಇಲ್ಲ, ಬೀಳ್ಕೊಡುಗೆಯ ಹಾರವೂ ಇಲ್ಲ. ಇದನ್ನೂ ಅವರ ಬಾಯಿಂದಲೇ ಕೇಳಬೇಕು. ಸಿಹಿಯನ್ನು ಮಾತ್ರ ಆರಿಸಿಕೊಂಡರೆ ಅದು ನೆನಪಲ್ಲ, ಸನ್ಮಾನಪತ್ರ!

ಇನ್ನು ಕೆಲವರು ಕೇಳಬಹುದು, ಆಕಾಶವಾಣಿಯೇ ಈಗ ಮೊಬೈಲ್ ಆ್ಯಪ್‌ನಲ್ಲಿ ಬರುತ್ತಿರುವಾಗ ಇದೆಲ್ಲ ಏಕೆ ಎಂದು. ಆ್ಯಪ್ ಇಂದಿನದನ್ನು ಕೇಳಿಸುತ್ತದೆ, ಅಳಿಸಿಹೋದ ಟೇಪನ್ನಲ್ಲ. ಮತ್ತೆ, ಇದು ಆಕಾಶವಾಣಿಯೊಂದರ ಕಥೆಯೂ ಅಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನರೇ ಸೇರಿ 'ನಮ್ಮ ಧ್ವನಿ' ನಡೆಸಿದರು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ಕಾಲದಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಇಂಥ ಕಡೆ ಕೆಲಸ ಮಾಡಿದವರ ಅನುಭವವನ್ನೂ ಈಗಲೇ ಕೇಳಬೇಕು. ಅವರಿಗೂ ವಯಸ್ಸಾಗುತ್ತಿದೆ.

ಹಾಗಾದರೆ ನಾವೇನು ಮಾಡಬಹುದು? ಹೇಗೂ ವಾರಕ್ಕೊಮ್ಮೆ ಊರಿಗೆ ಫೋನ್ ಮಾಡುತ್ತೇವೆ. "ಊಟ ಆಯ್ತಾ, ಮಳೆ ಬಂತಾ" ಎಂದು ವಿಚಾರಿಸಿದ ಮೇಲೆ ಅರ್ಧ ಗಂಟೆ ಇದಕ್ಕಿಡಿ. ಮೊದಲು ಅವರ ಒಪ್ಪಿಗೆ ಕೇಳಿ, ಆಮೇಲೆ ರೆಕಾರ್ಡ್ ಒತ್ತಿ. "ಆ ದಿನಗಳು ಹೇಗಿದ್ದವು?" ಎಂದು ಕೇಳಿದರೆ "ಚೆನ್ನಾಗಿದ್ದವು" ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು ಕೆಲಸದ ಬಗ್ಗೆ ಕೇಳಿ. ಬೆಳಗಿನ ಪಾಳಿಗೆ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಹೇಗೆ ಹೋಗುತ್ತಿದ್ದಿರಿ? ಕರೆಂಟ್ ಹೋದರೆ ಏನು ಮಾಡುತ್ತಿದ್ದಿರಿ? ಕೋರಿಕೆಯ ಪತ್ರಗಳು ಯಾವ ಯಾವ ಊರಿಂದ ಬರುತ್ತಿದ್ದವು? ಯಾವ ಪದ ಬಳಸಬಾರದು ಎಂದು ಹೇಳಿದ್ದರು? ಒಂದು ಪಾಳಿಗೆ ಎಷ್ಟು ರೂಪಾಯಿ? ಕಡತಕ್ಕೆ ಹೆಸರು, ಊರು, ದಿನಾಂಕ ಬರೆದು ಎರಡು ಕಡೆ ಉಳಿಸಿಡಿ. ಹತ್ತನೇ ಕ್ಲಾಸಿನ ಮಕ್ಕಳೂ ಮಾಡಬಹುದಾದ ಕೆಲಸ ಇದು. ಅಜ್ಜಿಯೊಂದಿಗೆ ಅವರು ಮಾತಾಡಲು ಒಂದು ವಿಷಯವೂ ಸಿಕ್ಕಂತಾಯಿತು.

ನಮ್ಮ ಕೂಟ ಇಂಥ ಹತ್ತು ಹನ್ನೆರಡು ಮಾತುಕತೆಗಳನ್ನು ಸೇರಿಸಿದರೂ ಸಾಕು, ಮುಂದಿನ ರಾಜ್ಯೋತ್ಸವದಲ್ಲಿ ಹಾಡು, ನಾಟಕಗಳ ಜೊತೆಗೆ ಅರ್ಧ ಗಂಟೆ ಅವನ್ನೇ ಕೇಳಿಸಬಹುದು. ಬದುಕಿಡೀ ಕಾಣದ ಜನರಿಗಾಗಿ ಮಾತಾಡಿದವರು ಅವರು. ಒಮ್ಮೆ ಅವರ ಮಾತಿಗೆ ನಾವು ಕಿವಿಯಾಗೋಣ. ಏನಂತೀರಿ?