ಬಾಘಜಾನಿನ ಬೆಂಕಿಗೆ ಹೊಣೆ ಯಾರು?

ಮಲೆನಾಡಿನ ಊರಿಗೆ ಕೊಳವೆ ಬಾವಿ ಕೊರೆಯುವ ಲಾರಿ ಬಂದರೆ ಸುತ್ತ ನೆರೆದ ಜನ ಕಾಯುವುದು ನೀರು ಚಿಮ್ಮುವ ಗಳಿಗೆಗಾಗಿ. ತೈಲ ಮತ್ತು ಅನಿಲದ ಬಾವಿ ಕೊರೆಯುವವರು ಹೆದರುವುದು ಅಂಥದೇ ಗಳಿಗೆಗೆ. ಒಳಗಿರುವುದು ಚಿಮ್ಮದಂತೆ ತಡೆಯುವುದೇ ಅಲ್ಲಿ ದೊಡ್ಡ ವಿದ್ಯೆ. ಆ ವಿದ್ಯೆಯನ್ನು ಅರಿಯದೆ ಅಸ್ಸಾಮಿನ ಬಾಘಜಾನ್ ಏಕೆ ಉರಿಯಿತೆಂಬುದು ಅರ್ಥವಾಗದು.

ಬಾಘಜಾನ್ ತಿನ್‌ಸುಕಿಯಾ ಜಿಲ್ಲೆಯ ಗ್ರಾಮ. ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ ಮತ್ತು ಮಾಗುರಿ-ಮೊಟಾಪುಂಗ್ ಜೌಗುಭೂಮಿ ಅದರ ನೆರೆಯಲ್ಲೇ ಇವೆ. 2020ರ ಮೇ 27ರಂದು ಅಲ್ಲಿನ ಆಯಿಲ್ ಇಂಡಿಯಾ ಸಂಸ್ಥೆಯ ಐದನೆಯ ಬಾವಿಯಿಂದ ಅನಿಲ ತಡೆಯಿಲ್ಲದೆ ಹೊರನುಗ್ಗಿತು. ಜೂನ್ 9ರಂದು ಹೊತ್ತಿಕೊಂಡ ಬೆಂಕಿ ಪೂರ್ತಿ ಆರಿದ್ದು ನವೆಂಬರ್ 15ರಂದು. ಅಗ್ನಿಶಾಮಕ ದಳದ ಇಬ್ಬರು ಪ್ರಾಣ ತೆತ್ತರು. ಸಾವಿರಾರು ಜನ ಮನೆ ಬಿಟ್ಟು ಪರಿಹಾರ ಶಿಬಿರ ಸೇರಿದರು. ಜೌಗಿನ ಮೀನುಗಳು ಸತ್ತು ತೇಲಿದವು. ಚಹಾ, ಬಾಳೆ, ಬಿದಿರು, ಅಡಿಕೆ ಮರಗಳು ಹಾಳಾದವು. ಒಂದು ಅಡಿಕೆ ತೋಟ ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ಮಲೆನಾಡಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ಅಪಘಾತವೆಂದು ಕರೆದು ಕೈತೊಳೆದುಕೊಳ್ಳಲು ಬಾರದು. ಏಕೆಂದರೆ ತೈಲಬಾವಿಯ ಒಂದೊಂದು ಉಪಕರಣವೂ ಇಂಥ ಸ್ಫೋಟ ಆಗಬಹುದೆಂಬ ಅರಿವಿನಿಂದಲೇ ರೂಪುಗೊಂಡಿದೆ.

ಬಾವಿಯ ಮೇಲೆ ನಿಲ್ಲುವುದು ಡೆರಿಕ್ ಎಂಬ ಉಕ್ಕಿನ ಗೋಪುರ. ಸುಮಾರು 9 ಮೀಟರ್ ಉದ್ದದ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ತಿರುಚಿ ಜೋಡಿಸುತ್ತ ಅದು ನೆಲದೊಳಗೆ ಇಳಿಸುತ್ತದೆ. ತುದಿಯಲ್ಲಿ ಬಂಡೆ ಅರೆಯುವ ಬಿಟ್ ಇರುತ್ತದೆ. ಕೊಳವೆಯ ಟೊಳ್ಳಿನ ಮೂಲಕ ಪಂಪುಗಳು ಸದಾ ಕೆಸರನ್ನು ಒತ್ತುತ್ತವೆ. ಅದು ಬಿಟ್ಟಿನ ರಂಧ್ರಗಳಿಂದ ಹೊರಬಿದ್ದು, ಪುಡಿಯಾದ ಕಲ್ಲನ್ನು ಹೊತ್ತು ಕೊಳವೆಯ ಹೊರಬದಿಯಿಂದ ಮೇಲೇರಿ ಬರುತ್ತದೆ. ಅಲುಗಾಡುವ ಜರಡಿ ಕಲ್ಲನ್ನು ಬೇರ್ಪಡಿಸಿದ ಮೇಲೆ ಕೆಸರು ಮತ್ತೆ ಕೆಳಗಿಳಿಯುತ್ತದೆ.

ಈ ಕೆಸರೇ ಮೊದಲ ತಡೆ. ಪ್ರತಿ 10 ಮೀಟರ್ ನೀರಿನ ಭಾರ ಒಂದು ವಾತಾವರಣದ ಒತ್ತಡಕ್ಕೆ ಸಮ. ಹಾಗಾದರೆ 3,800 ಮೀಟರ್ ಆಳದಲ್ಲಿ ಬರಿಯ ನೀರಿನ ಕಂಬವೇ ಅದರ 380 ಪಟ್ಟು ಒತ್ತುತ್ತದೆ. ಕಲ್ಲಿನೊಳಗಿನ ಅನಿಲದ ಒತ್ತಡ ಅದಕ್ಕಿಂತಲೂ ಹೆಚ್ಚಿರಬಹುದು. ಅದನ್ನು ಅದುಮಿಡಲು ಕೆಸರಿಗೆ ಬೆರೈಟ್ ಎಂಬ ಭಾರದ ಖನಿಜದ ಪುಡಿ ಬೆರೆಸಲಾಗುತ್ತದೆ. ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿ ಅಗೆದು ತೆಗೆಯುವುದು ಅದನ್ನೇ. ಒಂದೆಡೆ ಬಾವಿ ಕೊರೆಯಬೇಕಾದರೆ ಇನ್ನೊಂದೆಡೆ ಗಣಿ ತೋಡಬೇಕು.

ಕೊರೆದ ರಂಧ್ರದೊಳಗೆ ಹಂತಹಂತವಾಗಿ ಕೇಸಿಂಗ್ ಪೈಪು ಇಳಿಸಿ, ಅದರ ಸುತ್ತ ಸಿಮೆಂಟು ತುಂಬುತ್ತಾರೆ. ಬಾಯಿಯ ಮೇಲೆ ಬ್ಲೋಔಟ್ ಪ್ರಿವೆಂಟರ್ ಎಂಬ ಟನ್ನುಗಟ್ಟಲೆ ತೂಗುವ ಕವಾಟಗಳ ಸಾಲನ್ನು ಕೂರಿಸುತ್ತಾರೆ. ಅನಿಲ ಉಕ್ಕಿದರೆ ಅದು ಬಾವಿಯ ಕತ್ತನ್ನು ಹಿಸುಕಿ ಮುಚ್ಚಬೇಕು. ಅಗತ್ಯ ಬಿದ್ದರೆ ಉಕ್ಕಿನ ಕೊಳವೆಯನ್ನೇ ಕತ್ತರಿಸಬೇಕು. ಒಂದು ತಡೆ ಸೋತರೆ ಇನ್ನೊಂದು ಇರಲೇಬೇಕೆಂಬುದು ಈ ಕಸುಬಿನ ಮೊದಲ ಪಾಠ.

ಬಾಘಜಾನಿನಲ್ಲಿ ಆ ಪಾಠಕ್ಕೇ ತಿಲಾಂಜಲಿ ಬಿತ್ತು. 2006ರಲ್ಲಿ ಕೊರೆದಿದ್ದ ಹಳೆಯ ಬಾವಿಯ ದುರಸ್ತಿ ಅಲ್ಲಿ ನಡೆದಿತ್ತು. ಒಳಗೆ ಹಾಕಿದ ಸಿಮೆಂಟಿನ ಬಿರಡೆ ಗಟ್ಟಿಯಾಗಿದೆಯೇ ಎಂದು ಸರಿಯಾಗಿ ಪರೀಕ್ಷಿಸದೆ ಮೇಲಿನ ಪ್ರಿವೆಂಟರನ್ನು ತೆಗೆದುಹಾಕಲಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೇಮಿಸಿದ ನ್ಯಾಯಮೂರ್ತಿ ಬಿ.ಪಿ. ಕಟಕೆ ಸಮಿತಿ ಯೋಜನೆ ಮತ್ತು ಮೇಲ್ವಿಚಾರಣೆಗಳೆರಡರಲ್ಲೂ ಲೋಪ ಕಂಡಿತು. ಜಲ ಮತ್ತು ವಾಯು ಮಾಲಿನ್ಯ ಕಾಯ್ದೆಗಳ ಅಡಿ ಬಾವಿಗೆ ಇರಲೇಬೇಕಾದ ಸಮ್ಮತಿಯೂ ಇರಲಿಲ್ಲವೆಂದು ಅದು ವರದಿ ಮಾಡಿತು.

ಹಿಂದುಳಿದ ಮೂಲೆಯಲ್ಲಿ ಮಾತ್ರ ಹೀಗಾಗುತ್ತದೆ ಎನ್ನುವವರು 2010ರ ಏಪ್ರಿಲ್ 20ನ್ನು ನೆನೆಯಲಿ. ಅಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ 11 ಕಾರ್ಮಿಕರು ಸತ್ತರು. ಅಲ್ಲೂ ಸಿಮೆಂಟು ಕೈಕೊಟ್ಟಿತು, ಸಮುದ್ರತಳದ ಪ್ರಿವೆಂಟರ್ ಬಾವಿಯನ್ನು ಮುಚ್ಚಲಿಲ್ಲ. 87 ದಿನ ತೈಲ ಕಡಲಿಗೆ ಹರಿಯಿತು. ಯಂತ್ರ ಎಷ್ಟೇ ದೊಡ್ಡದಿರಲಿ, ಅವಸರದ ಮುಂದೆ ಅದು ನಿಲ್ಲದು.

ಹೀಗಿರುವಾಗ ಆಳುವವರು ಮಾಡಿದ್ದೇನು? 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ತೈಲ ಮತ್ತು ಅನಿಲ ಶೋಧನೆಯ ಯೋಜನೆಗಳನ್ನು ‘ಬಿ-2’ ವರ್ಗಕ್ಕೆ ಇಳಿಸಿ ಅಧಿಸೂಚನೆ ಹೊರಡಿಸಿತು. ಸಾರ್ವಜನಿಕ ಅಹವಾಲು ಸಭೆ ಅದರೊಂದಿಗೇ ತಪ್ಪಿಹೋಯಿತು. ಅದೇ ಮೇ ತಿಂಗಳಲ್ಲಿ, ಬಾಘಜಾನ್ ಸ್ಫೋಟಿಸುವ ಕೆಲವೇ ದಿನ ಮುನ್ನ, ದಿಬ್ರು-ಸೈಖೋವಾದ ನೆಲದಡಿಯ ಏಳು ತಾಣಗಳಿಗೆ ಬಾವಿ ಕೊರೆಯಲು ಅನುಮತಿ ದೊರೆಯಿತು.

ಶೋಧನೆ ತಾತ್ಕಾಲಿಕ, ಆದ್ದರಿಂದ ಅಪಾಯ ಕಡಿಮೆ ಎಂಬುದು ಇಂಥ ವಿನಾಯಿತಿಯ ಪರವಾದ ವಾದ. ಕೊರೆಯುವ ವಿದ್ಯೆ ಹೇಳುವುದು ಬೇರೆ. ಶೋಧನೆಯ ಬಾವಿ ಹೊಸ ನೆಲಕ್ಕೆ ಇಳಿಯುತ್ತದೆ. ಕೆಳಗಿನ ಒತ್ತಡ ಎಷ್ಟೆಂದು ಖಚಿತವಾಗಿ ಯಾರಿಗೂ ತಿಳಿದಿರದು. ಹದಿನಾಲ್ಕು ವರ್ಷದಿಂದ ಪರಿಚಿತವಾದ ಬಾವಿಯೇ ಕೈಮೀರಿ ಹೋಯಿತೆಂದ ಮೇಲೆ, ಪರಿಚಯವೇ ಇಲ್ಲದ ಬಾವಿಗೆ ಜನರ ಪ್ರಶ್ನೆಯಿಂದ ವಿನಾಯಿತಿ ಏಕೆ?

ಕೆಸರು ಮೊದಲ ತಡೆ, ಪ್ರಿವೆಂಟರ್ ಎರಡನೆಯದು. ಮೂರನೆಯ ತಡೆ ಊರಿನ ಜನ. ಶೋಧನೆಯ ಯೋಜನೆಗಳಿಗೂ ಅಹವಾಲು ಸಭೆ ಮರಳಿ ಬರಬೇಕು. ಸುರಕ್ಷತಾ ಪರೀಕ್ಷೆಯ ದಾಖಲೆಗಳು ಜನರ ಭಾಷೆಯಲ್ಲಿ ಗ್ರಾಮ ಪಂಚಾಯಿತಿಯ ಕಚೇರಿಗೆ ಬರಬೇಕು. ಕವಾಟ ಎಲ್ಲಿದೆ, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ತೆಗೆಯಲು ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳಲು ಎಂಜಿನಿಯರ್ ಪದವಿ ಬೇಕಿಲ್ಲ. ಆ ಬಾವಿಯ ಪಕ್ಕದಲ್ಲಿ ಮಕ್ಕಳನ್ನು ಮಲಗಿಸುವವರಿಗೆ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಸಲ್ಲುತ್ತದೆ.